ಅಮ್ಮ ಹಾಸಿದ ರೆಕ್ಕೆ

ಜೂನ್ ೯

ಅಮ್ಮ,

ಇವತ್ತು ಬೆಳಿಗ್ಗೆ ಮೆಟ್ಟಿಲಿನ ದೀಪ ಆರಿಸಲು ಹೋದಾಗ ಸ್ವಿಚ್ಚಿನ ಮೇಲೆ ಕಂದು ಪುಡಿ ಅಂಟಿತ್ತು. ಯಾರೋ ಬೆರಳಿನಿಂದ ಒರೆಸಿಟ್ಟ ಹಾಗೆ, ಉಗುರಿನಷ್ಟು ಗುರುತು. ಪಕ್ಕದಲ್ಲೇ ಗೋಡೆಗೆ ಅಂಟಿಕೊಂಡು ಒಂದು ಪತಂಗ ಕೂತಿತ್ತು. ಅದರ ಒಂದು ರೆಕ್ಕೆಯ ಅಂಚು ಸ್ವಲ್ಪ ಬೋಳಾಗಿತ್ತು. ಮೇಲಿನ ಮನೆಯವರು ಕತ್ತಲಲ್ಲಿ ಸ್ವಿಚ್ಚು ತಡವುವಾಗ ಅದರ ಮೇಲೆ ಕೈಯಿಟ್ಟಿರಬೇಕು. ಅದನ್ನು ಎಬ್ಬಿಸಲು ಮನಸ್ಸಾಗದೆ ದೀಪ ಆರಿಸದೆಯೇ ಕೆಳಗಿಳಿದೆ. ಸಂಜೆ ಬಂದಾಗ ಮನೆಯ ಯಜಮಾನರು, ಹಗಲೆಲ್ಲ ದೀಪ ಉರಿಸಿ ಸೂರ್ಯನಿಗೆ ಸಹಾಯ ಮಾಡಿದವರು ಯಾರು ಎಂದು ಎಲ್ಲರನ್ನೂ ಕೇಳುತ್ತಿದ್ದರು. ನಾನು ಚಪ್ಪಲಿ ಬಿಡುವುದರಲ್ಲಿ ಮಗ್ನಳಾದೆ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ 'ಊಟ ಆಯ್ತಾ', 'ಆಯ್ತು', 'ಮತ್ತೆ?', 'ಮತ್ತೇನಿಲ್ಲ' ಎನ್ನುವಷ್ಟರಲ್ಲಿ ಮಾತು ಮುಗಿಯುತ್ತದೆ. ಇಟ್ಟ ಮೇಲೆ ಹೇಳಬೇಕಾದದ್ದೆಲ್ಲ ಒಂದೊಂದಾಗಿ ನೆನಪಾಗುತ್ತದೆ. ಅದಕ್ಕೇ ಈ ಕಾಗದ.

ನಾನು ನಿನ್ನ ಹಳೆಯ ಮ್ಯೂಸಿಯಮ್ಮಿಗೇ ಸೇರಿದ್ದು ನಿನಗೆ ಹಿಡಿಸಿಲ್ಲ. "ಸತ್ತ ಹುಳುಗಳ ಜೊತೆ ಇಪ್ಪತ್ತೆರಡು ವರ್ಷ ನಾನು ಕಳೆದದ್ದು ಸಾಲದಾ? ನೀನು ಓದಿದ್ದು ಪಾಠ ಹೇಳೋಕೆ" ಎಂದು ನೀನು ಬಸ್ಸಿನ ಕಿಟಕಿಯ ಕೆಳಗೆ ನಿಂತು ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಕಾಲೇಜಿನವರು ತೆಗೆದುಕೊಳ್ಳಲಿಲ್ಲ, ಇವರು ತೆಗೆದುಕೊಂಡರು. ಗಾಜಿನ ಪೆಟ್ಟಿಗೆಗಳ ಪಕ್ಕದ ಫಲಕಗಳನ್ನು ಬರೆಯುವ ಕೆಲಸ. ಸೆಪ್ಟೆಂಬರ್ ಕೊನೆಯವರೆಗೆ ನೋಡುತ್ತಾರಂತೆ. ಬರಹ ಹಿಡಿಸಿದರೆ ಕಾಯಂ.

ಕೀಟಗಳ ಕೋಣೆಗೆ ಸುಣ್ಣ ಹೊಡೆದು, ಹೊಸ ದೀಪ ಹಾಕಿ, ಸೆಪ್ಟೆಂಬರ್ ಹನ್ನೆರಡಕ್ಕೆ ಮತ್ತೆ ತೆರೆಯುತ್ತಾರೆ. ನನಗೆ ಸಿಕ್ಕ ಮೊದಲ ಪೆಟ್ಟಿಗೆ ಯಾವುದು ಗೊತ್ತಾ? ನಿನ್ನದೇ. ಎಡಗಡೆ ಅಟ್ಲಾಸ್ ಪತಂಗ, ಬಲಗಡೆ ನೀಲಿ ಮಾರ್ಫೊ ಚಿಟ್ಟೆ. ಕೆಲಸ ಬಿಡುವ ಮೂರು ವರ್ಷ ಮೊದಲು ನೀನು ರೆಕ್ಕೆ ಹಾಸಿ, ಸೂಜಿ ಚುಚ್ಚಿ ಕೂರಿಸಿದ ಜೋಡಿ. ನಮ್ಮ ಮೇಲ್ವಿಚಾರಕರು ಕಲ್ಲು, ಖನಿಜ ಓದಿದವರು. ಹುಳು ಕಂಡರೆ, ಸತ್ತದ್ದಾದರೂ ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾರೆ. ಅಷ್ಟು ದೂರದಿಂದಲೇ ಹೇಳಿದರು: "ಇವೆರಡಕ್ಕೂ ಏನು ವ್ಯತ್ಯಾಸ ಅಂತ ಹತ್ತು ವರ್ಷದ ಮಗು ನಿಂತಲ್ಲೇ ಓದಿ ಮುಗಿಸಬೇಕು. ನೂರಿಪ್ಪತ್ತು ಪದ. ಒಂದು ಹೆಚ್ಚಾದರೂ ನಾನೇ ಕತ್ತರಿಸ್ತೀನಿ."

ನಾನು ಎಂ.ಎ.ಗೆ ನೂರಿಪ್ಪತ್ತು ಪುಟ ಬರೆದವಳು. ಈಗ ನೂರಿಪ್ಪತ್ತು ಪದಕ್ಕೆ ಬೆವರುತ್ತಿದ್ದೇನೆ. ಏನು ಬರೆಯಲಿ, ಹೇಳು.

ನಿನ್ನ ಹಳೆಯ ಸ್ಟೂಲಿನ ಮೇಲೆ ಕೂತು,
ನಿನ್ನ ಮಗಳು


ಜೂನ್ ೨೧

ಗುಬ್ಬಿ,

ಅಕ್ಷರ ನಿನ್ನ ಚಿಕ್ಕಮ್ಮನದು, ಮಾತು ನಿಮ್ಮಮ್ಮನದು. ನಡುವೆ ನನ್ನ ಮಾತು ಬಂದರೆ ಬಿಟ್ಟಿ ಅಂತ ಇಟ್ಟುಕೊ. ಅವಳ ಕೈ ಗೊತ್ತಲ್ಲ, ಲೋಟ ಎತ್ತಿದರೆ ಅರ್ಧ ನೆಲಕ್ಕೆ. ಕೆಲಸ ಬಿಟ್ಟು ಕೈ ಸುಮ್ಮನಾದದ್ದಕ್ಕೇ ಈ ನಡುಕ ಬಂತು ಅಂತ ನಾನು ಹೇಳುತ್ತೇನೆ. ಅವಳು ಹೌದು ಅನ್ನುವುದೂ ಇಲ್ಲ, ಅಲ್ಲ ಅನ್ನುವುದೂ ಇಲ್ಲ. ಈ ಹಾಳೆಯ ಹಿಂದೆ ಯಾರದೋ ಅಂಕಪಟ್ಟಿ ಇದೆ, ತಿರುಗಿಸಬೇಡ. ನಮ್ಮ ಅಂಗಡಿಯ ಜೆರಾಕ್ಸ್ ಮೆಷಿನ್ನು ಓರೆಯಾಗಿ ಉಗುಳಿದ್ದು. ಪಾಪ, ಗಣಿತದಲ್ಲಿ ಮೂವತ್ತಾರು.

ಈಗ ಅಕ್ಕ ಹೇಳುತ್ತಿದ್ದಾಳೆ, ಬರೆದುಕೊ.

ಮೊದಲನೆಯದು, 'ಎಲ್ಲ ಪತಂಗಗಳೂ', 'ಎಲ್ಲ ಚಿಟ್ಟೆಗಳೂ' ಅಂತ ಎಲ್ಲೂ ಬರೆಯಬೇಡ. 'ಹೆಚ್ಚಿನವು' ಅಂತ ಬರಿ. ಇಲ್ಲದಿದ್ದರೆ ಯಾವನೋ ಒಬ್ಬ ಹಗಲು ಹಾರುವ ಪತಂಗ ಹಿಡಿದು ತಂದು ನಿನ್ನ ಮೇಜಿನ ಮೇಲೆ ಇಡುತ್ತಾನೆ. ಅದಕ್ಕಿಂತ ನಿನ್ನ ಪೆಟ್ಟಿಗೆಯಲ್ಲಿರುವ ಎರಡರ ಬಗ್ಗೆ ಮಾತ್ರ ಹೇಳು. ನೋಡಿದ್ದಷ್ಟನ್ನೇ ಹೇಳಿದರೆ ಯಾರಿಗೂ ಹೆದರಬೇಕಿಲ್ಲ.

ಅಟ್ಲಾಸ್ ಕೂತಾಗ ರೆಕ್ಕೆ ಹಾಸಿಕೊಂಡೇ ಕೂರುತ್ತೆ. ಮಾರ್ಫೊ ಮಡಚಿಕೊಳ್ಳುತ್ತೆ, ಮಡಚಿದರೆ ನೀಲಿ ಮಾಯ, ಹೊರಗೆ ಬರೀ ಕಂದು. ಆ ನೀಲಿ ಬಳಿದ ಬಣ್ಣ ಅಲ್ಲ. ಅಕ್ಕ ಒಂದು ಸಲ ಉದುರಿದ ರೆಕ್ಕೆಯ ಚೂರಿಗೆ ಒಂದು ಹನಿ ಸ್ಪಿರಿಟ್ ಬಿಟ್ಟಳಂತೆ, ನೀಲಿ ಹೋಗಿ ಹಸಿರಾಯಿತಂತೆ. ಆರಿದ ಮೇಲೆ ಮತ್ತೆ ನೀಲಿ. ಹೇಳುವಾಗ ಅವಳ ಮುಖ ನೋಡಬೇಕಿತ್ತು ನೀನು. ನಿನ್ನೆ ಮೊನ್ನೆ ಆದ ಹಾಗೆ ಹೇಳುತ್ತಿದ್ದಳು.

ಮಾರ್ಫೊ ಕೊಳೆತ ಹಣ್ಣಿನ ರಸ ಕುಡಿಯುತ್ತೆ. ಅಟ್ಲಾಸಿಗೆ ಉಣ್ಣುವ ಬಾಯಿಯೇ ಇಲ್ಲ. ಹುಳುವಾಗಿದ್ದಾಗ ತಿಂದಿಟ್ಟದ್ದರಲ್ಲೇ ಒಂದೆರಡು ವಾರ ಬದುಕಿ ಮುಗಿಸುತ್ತೆ. ಬಾಯಿಯಿಲ್ಲದೆ ಹೇಗೆ ಬದುಕೋದು ಅಂತ ನಾನು ಕೇಳಿದೆ. ನಿಮ್ಮಮ್ಮ ನನ್ನನ್ನೇ ನೋಡಿದಳು. ಅದನ್ನೂ ಬರಿ ಅಂದಳು, ಬರೆದಿದ್ದೇನೆ.

ಕೊನೆಯದು. ಚಿಟ್ಟೆ ಅಂದರೆ ಚಂದ, ಪತಂಗ ಅಂದರೆ ಅದರ ಬಡ ನೆಂಟ ಅನ್ನೋ ಹಾಗೆ ಬರೆಯಬೇಡ. ಎಲ್ಲರೂ ಹಾಗೇ ಬರೆಯುತ್ತಾರೆ.

ಕೆಲಸದ ಬಗ್ಗೆ ಕೋಪ ಇನ್ನೂ ಇದೆಯಂತೆ. ಆದರೆ ನಿನ್ನ ಕಾಗದ ದಿಂಬಿನ ಕೆಳಗಿದೆ.

ಇಬ್ಬರ ಪರವಾಗಿ, ಒಬ್ಬಳ ಕೈನೋವಿನೊಂದಿಗೆ,
ಚಿಕ್ಕಮ್ಮ


ಜುಲೈ ೬

ಅಮ್ಮ, ಜೊತೆಗೆ ಬರೆದುಕೊಟ್ಟ ಚಿಕ್ಕಮ್ಮ,

ನೀವು ಹೇಳಿದ ಹಾಗೆ ಪುಸ್ತಕ ಮುಚ್ಚಿಟ್ಟು ಪೆಟ್ಟಿಗೆಯ ಮುಂದೆ ಕೂತೆ. ಒಂದು ವಾರ ಬರೀ ನೋಡಿದೆ. ಸುಣ್ಣ ಹೊಡೆಯುವವರು ಮೊದಲ ಎರಡು ದಿನ ನನ್ನನ್ನು ವಿಚಿತ್ರವಾಗಿ ನೋಡಿದರು. ಮೂರನೆಯ ದಿನದಿಂದ ನನ್ನ ಸುತ್ತ ಸುಣ್ಣ ಹೊಡೆಯುತ್ತಿದ್ದಾರೆ.

ಎದುರಿಗೆ ನಿಂತರೆ ಮಾರ್ಫೊ ಸುಡುವಷ್ಟು ನೀಲಿ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಅದೇ ರೆಕ್ಕೆ ಮಂಕು. ಅಟ್ಲಾಸ್ ಹಾಗಲ್ಲ. ಎಲ್ಲಿಂದ ನೋಡಿದರೂ ಅದೇ ಇಟ್ಟಿಗೆಯ ಬಣ್ಣ, ಅದೇ ನಾಲ್ಕು ಗಾಜಿನಂಥ ಕಿಟಕಿ, ರೆಕ್ಕೆಯ ತುದಿಯಲ್ಲಿ ಅದೇ ಹಾವಿನ ತಲೆ. ನನಗೆ ಅದೇ ಹೆಚ್ಚು ಇಷ್ಟವಾಗುತ್ತಿದೆ. ತಾನು ಏನೋ ಅದೇ ಆಗಿ ಇಡೀ ದಿನ ಕೂತಿರುವ ಜೀವ.

ಆಮೇಲೆ ತಲೆಯ ಮೇಲಿನ ಮೀಸೆ. ಮಾರ್ಫೊದ ಮೀಸೆ ಕೂದಲಿನಂತೆ ಸಣ್ಣ, ತುದಿಯಲ್ಲಿ ಒಂದು ಗುಂಡು, ಬೆಂಕಿಕಡ್ಡಿಯ ಹಾಗೆ. ಅಟ್ಲಾಸಿನದು ಹಕ್ಕಿಯ ಪುಕ್ಕದ ಹಾಗೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಸುಲಭದ ವ್ಯತ್ಯಾಸ ಇಲ್ಲ ಎಂದು ಬರೆಯಲು ಕೂತೆ. ಬರೆಯುವ ಮೊದಲು ಒಂದು ಸಲ ಸರಿ ನೋಡೋಣವೆಂದು ಒಳಗಿನ ಡ್ರಾಯರು ತೆಗೆದು ಉಳಿದ ಅಟ್ಲಾಸುಗಳನ್ನು ನೋಡಿದೆ. ಗಂಡಿಗೆ ಮೀಸೆ ಅಗಲ, ದೂರದಲ್ಲಿರುವ ಹೆಣ್ಣಿನ ವಾಸನೆಯನ್ನು ಗಾಳಿಯಲ್ಲಿ ಹಿಡಿಯುವುದಕ್ಕೆ. ಹೆಣ್ಣಿಗೆ ಕಿರಿದು. ಅವಳು ಒಂದು ಕಡೆ ಕೂತು ಕಾಯುವವಳು, ಅವಳಿಗೆ ಅಷ್ಟು ಬೇಕಿಲ್ಲ.

ನಿನ್ನ ಪೆಟ್ಟಿಗೆಯ ಚೀಟಿಯಲ್ಲಿ ನಿನ್ನದೇ ದುಂಡು ಅಕ್ಷರದಲ್ಲಿ 'ಹೆಣ್ಣು' ಎಂದಿದೆ. ತುಂಬಿದ ಹೊಟ್ಟೆ, ದುಂಡಗಿನ ದೊಡ್ಡ ರೆಕ್ಕೆ, ಅನುಮಾನವೇ ಇಲ್ಲ, ಹೆಣ್ಣೇ. ಆದರೆ ಮೀಸೆ ಅಗಲವಾಗಿದೆ. ನೂಲು ಹಿಡಿದು ಅಳೆದೆ. ಡ್ರಾಯರಿನಲ್ಲಿರುವ ಗಂಡಿನದಕ್ಕೆ ಸರಿಯಾಗಿ ಹೊಂದುತ್ತದೆ. ನಿನ್ನೆ ಹೊಸ ದೀಪ ಹಾಕಿದ ಮೇಲೆ, ಭೂತಗನ್ನಡಿ ಇಟ್ಟು ನೋಡಿದರೆ, ತಲೆಗೆ ಮೀಸೆ ಸೇರುವಲ್ಲಿ ಸೂಜಿಮೊನೆಯಷ್ಟು ಹೊಳಪು. ಅಂಟು ಇರಬಹುದು. ಇರಲಿಕ್ಕಿಲ್ಲ. ನನಗೆ ಏನು ಗೊತ್ತು.

ನಾನು ತಪ್ಪು ನೋಡಿದ್ದರೆ ಹೇಳು. ತಪ್ಪು ನೋಡಿರಲಿ ಎಂದೇ ಆಸೆ.

ಕಣ್ಣು ಉಜ್ಜಿಕೊಳ್ಳುತ್ತಾ,
ಗುಬ್ಬಿ


ಜುಲೈ ೧೯

ಗುಬ್ಬಿ,

ಇಲ್ಲಿ ಎಲ್ಲ ಕ್ಷೇಮ. ಡಾಕ್ಟರು ಹೊಸ ಮಾತ್ರೆ ಕೊಟ್ಟಿದ್ದಾರೆ, ಅದನ್ನು ತಿಂದರೆ ನಿದ್ದೆ ಬರುತ್ತೆ, ನಡುಕ ಎಚ್ಚರವಾಗೇ ಇರುತ್ತೆ. ಹಾಸಿಗೆಯ ಹತ್ತಿ ಬಿಡಿಸಿ ಮತ್ತೆ ತುಂಬಿಸಿದೆವು. ಜೆರಾಕ್ಸ್ ಮೆಷಿನ್ನು ರಿಪೇರಿಯಾಯಿತು, ಅದಕ್ಕೇ ಈ ಸಲದ ಹಾಳೆಯ ಹಿಂದೆ ಯಾರೂ ಇಲ್ಲ.

ನಿನ್ನ ಕಾಗದ ನಾನೇ ಓದಿ ಹೇಳಿದೆ. ಮಾರ್ಫೊ ಮಂಕಾಗುವುದರವರೆಗೆ ನಿಮ್ಮಮ್ಮ ನಗುತ್ತಾ ಕೇಳಿದಳು. ಮೀಸೆಯ ವಿಷಯ ಬಂದಾಗ ಬಟ್ಟೆ ಮಡಚಲು ಎದ್ದಳು. ಮಡಚಿಟ್ಟ ಬಟ್ಟೆಗಳನ್ನೇ ಬಿಡಿಸಿ ಮತ್ತೆ ಮಡಚಿದಳು. ಏನು ಬರೆಯಲಿ ಅಂತ ಕೇಳಿದರೆ, "ರೆಕ್ಕೆ ಬಗ್ಗೆ ಬರೀಲಿ. ರೆಕ್ಕೆ ಚೆನ್ನಾಗಿ ಬಂದಿದೆ" ಅಂದಳು. ಮೀಸೆ? ಅಂದೆ. "ಬಿಸಿಲು ಹೋಗ್ತಿದೆ, ಮೊದಲು ಒಣಗಿದ್ದು ತೆಗಿ" ಅಂದಳು.

ಅಷ್ಟೇ. ನಾನು ಹೇಳಿದ್ದನ್ನು ಬರೆಯುವವಳು, ಹೇಳದ್ದನ್ನು ಹೇಗೆ ಬರೆಯಲಿ?

ಒಂದು ಪತಂಗದ ಮೀಸೆಗೆ ಅಕ್ಕ ತಂಗಿ ಎರಡು ದಿನ ಮಾತು ಬಿಟ್ಟಿದ್ದೆವು ಅಂತ ಯಾರಿಗಾದರೂ ಹೇಳಿದರೆ ನಗುತ್ತಾರೆ.

ಇವತ್ತು ಊಟದ ಹೊತ್ತಿಗೆ ಮತ್ತೆ ರಾಜಿಯಾದ,
ಚಿಕ್ಕಮ್ಮ


ಆಗಸ್ಟ್ ೩

ಅಮ್ಮ,

ಈ ಕಾಗದವನ್ನು ನೀನೇ ಓದು. ಚಿಕ್ಕಮ್ಮ ಬೇಸರ ಮಾಡಿಕೊಳ್ಳದಿರಲಿ ಎಂದು ಅವರಿಗೆ ಬೇರೆ ಚೀಟಿ ಬರೆದು ಜೊತೆಗಿಟ್ಟಿದ್ದೇನೆ.

ನೀನು ಹೇಳಿದ ಹಾಗೆ ರೆಕ್ಕೆಯ ಬಗ್ಗೆಯೇ ಬರೆದೆ. ರೆಕ್ಕೆ, ಬಾಯಿ, ಬಣ್ಣ, ಆಯಸ್ಸು. ಮೀಸೆಯ ಒಂದು ಅಕ್ಷರವೂ ಇಲ್ಲ. ಮೇಲ್ವಿಚಾರಕರು ಓದಿ, ಕನ್ನಡಕ ಹಣೆಗೇರಿಸಿ, "ಚೆನ್ನಾಗಿದೆ. ಆದರೆ ಮೀಸೆ ಎಲ್ಲಿ? ನನ್ನಂಥವನಿಗೂ ಗೊತ್ತಿರೋ ವ್ಯತ್ಯಾಸ ಅದೊಂದೇ" ಎಂದರು. ಜಾಗ ಸಾಲಲಿಲ್ಲ ಎಂದೆ. ಅವರು ಎಣಿಸಿ, ಇನ್ನೂ ಐವತ್ತು ಪದ ಇದೆಯಲ್ಲಮ್ಮ ಎಂದರು. ನನಗೆ ಸುಳ್ಳು ಹೇಳಲು ಬರುವುದಿಲ್ಲ, ಹೇಳಿದರೆ ಕಿವಿ ಕೆಂಪಾಗುತ್ತದೆ. ಕೆಂಪಾಯಿತು.

ಇನ್ನೊಂದು ವಿಷಯ. ಅವರು ಫಲಕದ ಕೊನೆಗೆ ನಿನ್ನ ಹೆಸರು ಹಾಕಬೇಕೆಂದಿದ್ದಾರೆ. ಪೂರ್ತಿ ಹೆಸರು, 'ರೆಕ್ಕೆ ಹಾಸಿ ಕೂರಿಸಿದವರು' ಎಂದು. ನಿನ್ನ ಪೆಟ್ಟಿಗೆಯನ್ನು ಕೋಣೆಯ ನಡುವೆ ಇಡುತ್ತಾರೆ. ತೆರೆಯುವ ದಿನ ನಿನ್ನನ್ನು ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸುತ್ತಾರಂತೆ. ಇಪ್ಪತ್ತೆರಡು ವರ್ಷದಲ್ಲಿ ಯಾರೂ ಮಾಡದ್ದು. ಕೇಳಿ ನನ್ನ ಎದೆ ಉಬ್ಬಬೇಕಿತ್ತು. ನಾನು ಮತ್ತೆ ಭೂತಗನ್ನಡಿ ಹಿಡಿದು ಪೆಟ್ಟಿಗೆಯ ಮುಂದೆ ಕೂತೆ.

ಅಂಚೆಯವನಿಗಾಗಿ ಕಾಯುತ್ತಾ ನಾನು ಒಂದು ಕಥೆ ಕಟ್ಟಿಕೊಂಡಿದ್ದೇನೆ, ಹೇಳಲೇ? ಆ ಹೆಣ್ಣು ಪತಂಗ ತನ್ನ ಒಂದೆರಡು ವಾರದ ಆಯಸ್ಸನ್ನೆಲ್ಲ ಕಾದೇ ಕಳೆದಳು. ಗಂಡು ಬಂದಾಗ ಅವಳು ಇರಲಿಲ್ಲ. ಅವನೂ ಹೋದ. ನೀನು ಅವನ ಮೀಸೆಯನ್ನು ಅವಳಿಗೆ ಇಟ್ಟೆ, ಬಂದದ್ದರ ಗುರುತಿಗೆ. ಹೀಗೆ ಇದ್ದರೆ ಒಂದು ತಪ್ಪನ್ನು ಯಾರು ತಾನೇ ತಪ್ಪು ಎನ್ನುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ.

ಆಗಸ್ಟ್ ಇಪ್ಪತ್ತಮೂರಕ್ಕೆ ಬರಹ ಅಚ್ಚಿಗೆ ಹೋಗಬೇಕು. ಮೀಸೆಯ ಬಗ್ಗೆ ಬರೆದರೆ ಪೆಟ್ಟಿಗೆಯಲ್ಲಿರುವುದಕ್ಕೂ ಫಲಕದಲ್ಲಿರುವುದಕ್ಕೂ ತಾಳೆಯಾಗುವುದಿಲ್ಲ. ಯಾವುದಾದರೂ ಮಗು ಕಂಡುಹಿಡಿಯುತ್ತದೆ, ನಿನ್ನ ಹೆಸರು ಅಲ್ಲೇ ಕೆಳಗಿರುತ್ತದೆ. ಬರೆಯದಿದ್ದರೆ ನನ್ನ ಕಿವಿ ಕೆಂಪಾಗಿಯೇ ಇರುತ್ತದೆ. ನೀನು ಬೇಡ ಎಂದರೆ ಬರೆಯುವುದಿಲ್ಲ ಅಮ್ಮ. ಅದನ್ನಾದರೂ ಹೇಳು.

ನಿನ್ನ ಮಾತಿಗೆ ಕಾದಿರುವ,
ಮಗಳು


ಆಗಸ್ಟ್ ೧೪

ಪುಟ್ಟಿ,

ನಾನೇ ಬರೆಯುತ್ತಿದ್ದೇನೆ. ನಾಲ್ಕು ದಿನದಿಂದ. ದಿನಕ್ಕೆ ಕೆಲವು ಸಾಲು. ಓದಲು ಕಷ್ಟವಾದರೆ ಬೆಳಕಿಗೆ ಹಿಡಿ.

ಪ್ರೇಮ ಗೀಮ ಏನೂ ಇಲ್ಲ. ನಿನಗೆ ಎಲ್ಲದರಲ್ಲೂ ಕಥೆ ಬೇಕು.

ಆ ದಿನ ಬೆಳಿಗ್ಗೆ ಅವಳನ್ನು ತೇವದ ಡಬ್ಬಿಯಿಂದ ತೆಗೆದು ಹಲಗೆಗೆ ಕೂರಿಸಿದೆ. ಒಣಗಿದ್ದ ಮೈ ತೇವಕ್ಕೆ ಮೆತ್ತಗಾಗಿತ್ತು. ರೆಕ್ಕೆ ನಾಲ್ಕೂ ಹೇಳಿದ ಹಾಗೆ ಕೇಳಿದವು. ಅಷ್ಟು ಚೆನ್ನಾಗಿ ನಾನು ಯಾವತ್ತೂ ಹಾಸಿರಲಿಲ್ಲ. ಕೊನೆಗೆ ಮೀಸೆ. ಚಿಮಟ ಹತ್ತಿರ ಒಯ್ದೆ. ಕೈ ತಾನಾಗಿ ಅಲುಗಿತು. ಎಡಗಡೆಯದು ಮುರಿಯಿತು. ನಿಂತೆ. ನೀರು ಕುಡಿದೆ. ಉಸಿರು ಹಿಡಿದು ಬಲಗಡೆಗೆ ಹೋದೆ. ಅದೂ ಹೋಯಿತು.

ಕೈ ಮೊದಲ ಸಲ ನಡುಗಿದ್ದು ಅವತ್ತು. ಕೆಲಸ ಬಿಟ್ಟ ಮೇಲೆ ಅಲ್ಲ. ಚಿಕ್ಕಮ್ಮ ತಿಳಿದಿರುವ ಹಾಗೆ ಅಲ್ಲ. ಅವಳ ಕೈಯಲ್ಲಿ ಇದನ್ನು ಬರೆಸಲು ನನ್ನಿಂದ ಆಗಲಿಲ್ಲ.

ಬಿಡಿ ಭಾಗಗಳ ಡಬ್ಬಿಯಲ್ಲಿ ಒಂದು ಗಂಡಿನ ತಲೆ ಇತ್ತು. ರೆಕ್ಕೆಯನ್ನು ಹುಳ ತಿಂದಿತ್ತು. ಎಡಗೈಯಲ್ಲಿ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಅದರ ಮೀಸೆ ತೆಗೆದು ಇವಳಿಗೆ ಇಟ್ಟೆ. ಮಧ್ಯಾಹ್ನವಾಯಿತು. ಹೆಣ್ಣಿನದು ಸಿಕ್ಕಿದಾಗ ಬದಲಾಯಿಸೋಣ ಎಂದುಕೊಂಡೆ. ಮರುವರ್ಷ ಸಿಕ್ಕಿತು. ಆಗ ಈ ಕೈ ಆ ಕೆಲಸ ಮಾಡಗೊಡಲಿಲ್ಲ.

ಮೂರು ವರ್ಷ ಯಾರಿಗೂ ಹೇಳಲಿಲ್ಲ. ನೀನು ಹಾಸ್ಟೆಲಿನಲ್ಲಿದ್ದೆ. ಹೇಳಿದ್ದರೆ ಓದು ಬಿಟ್ಟು ಬರುತ್ತಿದ್ದೆ. ಬೆಳಿಗ್ಗೆ ಕೈ ಸ್ವಲ್ಪ ನೆಟ್ಟಗಿರುತ್ತಿತ್ತು. ಎಲ್ಲರಿಗಿಂತ ಮೊದಲು ಹೋಗಿ ಸಣ್ಣ ಕೆಲಸ ಮುಗಿಸುತ್ತಿದ್ದೆ. ಆಮೇಲೆ ದಿನವೆಲ್ಲ ಚೀಟಿ ಅಂಟಿಸುವುದು, ಗಾಜು ಒರೆಸುವುದು. ಎಷ್ಟು ಶ್ರದ್ಧೆ ಎಂದು ಹೊಗಳಿದರು. ನೀನು ಅಲ್ಲಿಗೆ ಸೇರುವುದು ಬೇಡ ಎಂದದ್ದು ಹುಳುಗಳಿಗಾಗಿ ಅಲ್ಲ. ಆ ಪೆಟ್ಟಿಗೆ ಅಲ್ಲಿತ್ತು. ನಿನ್ನ ಕಣ್ಣು ನನಗೆ ಗೊತ್ತು.

ಮೀಸೆಯ ವಿಷಯ ಬರಿ. ಸುಳ್ಳು ಬೇಡ. ಕೈಯ ವಿಷಯ ಬರೆಯಬೇಡ. ನನ್ನ ಹೆಸರು ತೆಗೆದುಬಿಡು. ನಾನು ಬರುವುದಿಲ್ಲ.

ಅಮ್ಮ


ಆಗಸ್ಟ್ ೨೨

ಅಮ್ಮ,

ಈ ಲಕೋಟೆಯೂ ನಿನಗೆ ಮಾತ್ರ.

ನಿನ್ನ ಕಾಗದವನ್ನು ಬೆಳಕಿಗೆ ಹಿಡಿಯಬೇಕಾಗಲಿಲ್ಲ. ಪೆನ್ನು ಎಲ್ಲಿ ಎತ್ತಿದ್ದೀ, ಎಲ್ಲಿ ಮತ್ತೆ ಇಟ್ಟಿದ್ದೀ, ಎಲ್ಲ ಕಾಣುತ್ತದೆ. 'ಮಣಿಕಟ್ಟು' ಎಂಬ ಒಂದು ಪದಕ್ಕೆ ನೀನು ನಾಲ್ಕು ಸಲ ನಿಂತಿದ್ದೀ. ನನಗೆ ಉಳಿದೆಲ್ಲಕ್ಕಿಂತ ಹೆಚ್ಚಾಗಿ ಅದೇ ಕಣ್ಣ ಮುಂದೆ ಬರುತ್ತದೆ, ಯಾರೂ ಇಲ್ಲದ ಕೋಣೆ, ಹಲಗೆಯ ಮೇಲೆ ಹಾಸಿದ ರೆಕ್ಕೆ, ಒಂದು ಕೈಯನ್ನು ಹಿಡಿದುಕೊಂಡ ಇನ್ನೊಂದು ಕೈ. ರಜೆಯಲ್ಲಿ ಬಂದಾಗಲೆಲ್ಲ ನೀನು ತಟ್ಟೆಯನ್ನು ಕೈಗೆ ಕೊಡದೆ ನೆಲದ ಮೇಲೆ ಇಟ್ಟು ನನ್ನ ಕಡೆ ಸರಿಸುತ್ತಿದ್ದೆ. ನಾನು ಅದನ್ನು ಕೋಪ ಎಂದುಕೊಂಡಿದ್ದೆ. ನನ್ನ ಕಣ್ಣನ್ನು ನೀನು ಸುಮ್ಮನೆ ಹೊಗಳುತ್ತೀ.

ನೀನು ಹೇಳಿದ ಮೇಲೆ ನಾನೂ ಒಂದು ಹೇಳಬೇಕು. ಕಾಲೇಜಿನವರು ನನ್ನನ್ನು ತಿರಸ್ಕರಿಸಲಿಲ್ಲ. ಪಾಠ ಮಾಡಿ ತೋರಿಸಿ ಎಂದು ಒಂದು ತರಗತಿಗೆ ಕಳಿಸಿದರು. ಅರವತ್ತು ಜನ. ಹಲಗೆಯ ಮೇಲೆ ಕವಿತೆಯ ಮೊದಲ ಸಾಲು ಬರೆದು ತಿರುಗಿದೆ. ಧ್ವನಿ ಬರಲಿಲ್ಲ. ಹಿಂದಿನ ಬೆಂಚಿನಿಂದ ಯಾರೋ, "ಮೇಡಂ, ಮ್ಯೂಟಲ್ಲಿದೀರಾ" ಎಂದರು. ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಹೊರಗೆ ಬಂದೆ. ನಾಲ್ಕು ನಿಮಿಷ ಆಗಿತ್ತು. ನಿನಗೆ 'ಆಗಲಿಲ್ಲ' ಎಂದಷ್ಟೇ ಹೇಳಿದೆ. ನೀನು ಅವರನ್ನು ಬೈದೆ. ನಾನು ಬೈಯಲು ಬಿಟ್ಟೆ.

ನಿನ್ನೆ ಮೇಲ್ವಿಚಾರಕರನ್ನು ಪೆಟ್ಟಿಗೆಯ ಹತ್ತಿರ ಕರೆದುಕೊಂಡು ಹೋಗಿ ಕೈಗೆ ಭೂತಗನ್ನಡಿ ಕೊಟ್ಟೆ. ಡ್ರಾಯರಿನ ಗಂಡನ್ನು ಪಕ್ಕಕ್ಕಿಟ್ಟು ತೋರಿಸಿದೆ. ಅವರು ಮೊದಲ ಬಾರಿಗೆ ಅರ್ಧ ಹೆಜ್ಜೆ ಮುಂದೆ ಬಂದರು. ಬಹಳ ಹೊತ್ತು ನೋಡಿದರು. ಐದು ವರ್ಷದಿಂದ ಇದರ ಮುಂದೆ ದಿನಾ ಓಡಾಡಿದ್ದೇನೆ ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ, ಈ ಹೆಣ್ಣನ್ನು ಒಳಗಿಡಿ, ಗಂಡನ್ನು ಹೊರಗಿಡಿ, ಕೆಲಸ ಮುಗಿಯಿತು ಎಂದರು.

ಸರಿ ಸರ್ ಎನ್ನುವುದು ನನ್ನ ಬಾಯಿಗೆ ರೂಢಿ. ಆದರೆ ನಿನ್ನೆ ಬೇರೆಯದು ಬಂತು. "ಬೇಡ ಸರ್. ಗಂಡನ್ನೂ ಪಕ್ಕಕ್ಕೆ ಇಡೋಣ. ಹೆಣ್ಣಿನ ನಿಜವಾದ ಮೀಸೆಯ ಚಿತ್ರ ಬರೆಸೋಣ. ತಪ್ಪು ಎಲ್ಲಿದೆ ಅಂತ ಮಕ್ಕಳೇ ಹುಡುಕಲಿ. ತಪ್ಪು ಹುಡುಕೋದು ಅವರಿಗೆ ಇಷ್ಟ." ಹೇಳಿ ಮುಗಿಸಿದ ಮೇಲೆ ಇಷ್ಟು ಉದ್ದ ಮಾತಾಡಿದವಳು ನಾನೇ ಎಂದು ಗೊತ್ತಾಗಿ ಮೇಜಿನ ಅಂಚು ಹಿಡಿದುಕೊಂಡೆ.

ಅವರು ನಕ್ಕರು. ತಮ್ಮ ಮನೆಯಲ್ಲೂ ಇಬ್ಬರು ಮಕ್ಕಳಿದ್ದಾರೆ, ದಿನಾ ತಮ್ಮ ತಪ್ಪನ್ನೇ ಹುಡುಕುತ್ತಾರೆ ಎಂದರು. ಒಪ್ಪಿದರು. ಒಂದು ಷರತ್ತು: ತೆರೆಯುವ ದಿನ ಮೂರು ಶಾಲೆಯ ಮಕ್ಕಳು ಬರುತ್ತಾರೆ, ನಾನೇ ಪೆಟ್ಟಿಗೆಯ ಪಕ್ಕದಲ್ಲಿ ನಿಂತು ವಿವರಿಸಬೇಕು. ನಿಲ್ಲುತ್ತೇನೆ ಎಂದೆ. ಇನ್ನೂ ಮೂರು ವಾರ ಇದೆ. ಅರವತ್ತು ಮುಖಗಳನ್ನು ನೋಡಬೇಕಾಗಿಲ್ಲ, ಎರಡು ಜೊತೆ ರೆಕ್ಕೆ ನೋಡುತ್ತಾ ಹೇಳಿದರಾಯಿತು.

ಹೊರಡುವಾಗ ಅವರು ಬಾಗಿಲಲ್ಲಿ ತಿರುಗಿ ಇನ್ನೊಂದು ಹೇಳಿದರು. "ಆದರೆ ಹೆಸರು ಬೇಡಮ್ಮ. ತಪ್ಪಿನ ಕೆಳಗೆ ತಾಯಿಯವರ ಹೆಸರು ಯಾಕೆ? ಹೆಸರಿಲ್ಲದಿದ್ದರೆ ಯಾರು ಅಂತ ಯಾರೂ ಕೇಳಲ್ಲ." ನಿನ್ನ ಬಗ್ಗೆ ಮರ್ಯಾದೆಯಿಂದಲೇ ಹೇಳಿದರು. ನೀನು ಬರೆದದ್ದನ್ನೇ ಹೇಳಿದರು.

ಬರಹವನ್ನು ಇಲ್ಲಿ ನಕಲು ಮಾಡಿದ್ದೇನೆ. ಕೈಯ ವಿಷಯ ಇಲ್ಲ, ನೋಡು.

'ಎಡಗಡೆ ಅಟ್ಲಾಸ್ ಪತಂಗ. ಬಲಗಡೆ ನೀಲಿ ಮಾರ್ಫೊ ಚಿಟ್ಟೆ. ಕೂತಾಗ ಈ ಪತಂಗ ರೆಕ್ಕೆ ಹಾಸುತ್ತದೆ, ಈ ಚಿಟ್ಟೆ ಮಡಚುತ್ತದೆ. ಚಿಟ್ಟೆ ಕೊಳೆತ ಹಣ್ಣಿನ ರಸ ಹೀರುತ್ತದೆ. ಪತಂಗಕ್ಕೆ ಉಣ್ಣುವ ಬಾಯಿಯಿಲ್ಲ. ಹುಳುವಾಗಿದ್ದಾಗ ತಿಂದದ್ದರಲ್ಲೇ ಒಂದೆರಡು ವಾರ ಬದುಕುತ್ತದೆ. ಚಿಟ್ಟೆಯ ನೀಲಿ ಬಳಿದ ಬಣ್ಣವಲ್ಲ, ಬೆಳಕಿನ ಆಟ. ಪಕ್ಕಕ್ಕೆ ಸರಿದು ನೋಡಿ.

'ಈಗ ಮೀಸೆ. ಚಿಟ್ಟೆಯದು ದಾರದಂತೆ, ತುದಿಯಲ್ಲಿ ಗುಂಡು. ಪತಂಗದ್ದು ಪುಕ್ಕದಂತೆ. ಗಂಡಿಗೆ ಅಗಲ, ಹೆಣ್ಣಿಗೆ ಕಿರಿದು.

'ಈ ಪೆಟ್ಟಿಗೆಯಲ್ಲಿ ಒಂದು ತಪ್ಪಿದೆ. ಸಿಕ್ಕಿತೇ? ಇವಳು ಹೆಣ್ಣು, ಮೀಸೆ ಗಂಡಿನದು. ರೆಕ್ಕೆ ಹಾಸುವಾಗ ಅವಳ ಮೀಸೆ ಮುರಿಯಿತು, ಬೇರೆಯದನ್ನು ಅಂಟಿಸಲಾಯಿತು. ಅಂಟು ಎಲ್ಲಿದೆ ಎಂದು ಭೂತಗನ್ನಡಿಯಲ್ಲಿ ಹುಡುಕಿ.'

ಇದರ ಕೆಳಗೆ ಒಂದು ಸಾಲು ಇದೆ. ಅದನ್ನು ಸಂಜೆ ಎರಡು ಸಲ ಹೊಡೆದುಹಾಕಿದೆ, ಎರಡು ಸಲ ಮತ್ತೆ ಬರೆದೆ. ನೀನೂ ಮೇಲ್ವಿಚಾರಕರೂ ಹೇಳುವುದು ನ್ಯಾಯವೇ. ಆದರೆ ಹೆಸರು ತೆಗೆದರೆ ಆ ಮೀಸೆಯೊಂದೇ ಯಾರದೂ ಅಲ್ಲದ್ದಾಗುವುದಿಲ್ಲ ಅಮ್ಮ, ಆ ರೆಕ್ಕೆಗಳೂ ಯಾರವೂ ಅಲ್ಲದವಾಗುತ್ತವೆ. ಅಷ್ಟು ಚೆನ್ನಾಗಿ ಯಾವತ್ತೂ ಹಾಸಿರಲಿಲ್ಲ ಎಂದು ನೀನೇ ಬರೆದಿದ್ದೀ. ಅದು ಯಾರ ಕೆಲಸ ಎಂದು ಯಾವುದಾದರೂ ಮಗು ನನ್ನನ್ನು ಕೇಳಿದರೆ, ಗೊತ್ತಿಲ್ಲ ಎಂದು ನಾನು ಹೇಳಲಾರೆ.

ನೀನು ಬಾ ಎಂದು ಬಲವಂತ ಮಾಡುವುದಿಲ್ಲ. ಬೇಸರವಾದರೆ ಬೈದು ಬರಿ, ಚಿಕ್ಕಮ್ಮನ ಕೈಯಲ್ಲಾದರೂ ಸರಿ, ನಿನ್ನ ಕೈಯಲ್ಲಾದರೂ ಸರಿ.

ನಾಳೆ ಹತ್ತು ಗಂಟೆಗೆ ಅಚ್ಚಿನವರು ಬರುತ್ತಾರೆ. ಅದಕ್ಕೂ ಮೊದಲು ಹಾಳೆಯನ್ನು ಮೇಲ್ವಿಚಾರಕರ ಮೇಜಿನ ಮೇಲಿಟ್ಟು ಕಾರಣ ಹೇಳುತ್ತೇನೆ. ಕೊನೆಯ ಸಾಲಿನಲ್ಲಿ ನಿನ್ನ ಪೂರ್ತಿ ಹೆಸರಿದೆ. ಅದನ್ನು ನಾನು ತೆಗೆಯುವುದಿಲ್ಲ.

ನಿನ್ನ ಮಾತು ಮೀರಿದ,
ನಿನ್ನ ಮಗಳು